ಅಡಿಟಿಪ್ಪಣಿ ಹದಿನಾಲ್ಕು

ಮಿಸ್ರಿಯಾ ತಂದ ಕರಡಿನ ಮೂರನೇ ಪುಟದಲ್ಲಿ
ಒಂದು ಸಾಲು ಕಾಲು ಚಾಚಿ ಕೂತಿತ್ತು:
“ಬೋಳಾರದ ಈ ಹೆಂಚಿನ ಕಾರ್ಖಾನೆಯಲ್ಲಿ
ಒಂಬೈನೂರು ಹೆಂಗಸರು ದುಡಿಯುತ್ತಿದ್ದರು.”

ಯಾರು ಹೇಳಿದ್ದು? ಎಂದೆ.
ಎಲ್ಲರೂ ಹೇಳ್ತಾರೆ ಮೇಡಂ, ಎಂದಳು,
ಮೊಬೈಲಿನಲ್ಲಿ ಹನ್ನೊಂದು ಕಡೆ ತೋರಿಸಿದಳು.

ಎಲ್ಲರೂ ಅಂದರೆ ಯಾರೂ ಅಲ್ಲ ಮಾರಾಯ್ತಿ.
ಬಂದರಿನಲ್ಲಿ ಬಂಗುಡೆ ಕೊಳ್ಳುವಾಗ
ನಿನ್ನ ಉಮ್ಮ ಕಿವಿರು ಎತ್ತಿ ನೋಡುವುದಿಲ್ಲವಾ?
ಮೀನಿಗೆ ಮಾಡಿದಷ್ಟನ್ನಾದರೂ ಮಾತಿಗೆ ಮಾಡು.

ಹನ್ನೊಂದನ್ನೂ ಮೇಜಿನ ಮೇಲೆ ಹರಡಿದೆವು.
ಏಳರಲ್ಲಿ ಒಂದೇ ಕಾಗುಣಿತದ ತಪ್ಪು,
‘ಆವಿಗೆ’ ಎಂಬಲ್ಲಿ ‘ಅವಿಗೆ’,
ತಾಯಿಯ ಮಚ್ಚೆ ಮಕ್ಕಳಿಗೆ ಬಂದ ಹಾಗೆ.
ಉಳಿದ ನಾಲ್ಕು ಆ ಏಳನ್ನು ನೋಡಿ ಬರೆದವು.
ಬಾಯಿ ಹನ್ನೊಂದು, ನಾಲಗೆ ಒಂದೇ.

ಆಮೇಲೆ ಮೂರು ವಾರ.
ಪುಟಸಂಖ್ಯೆ ಇಲ್ಲದ ಉದ್ಧರಣೆ
ಡೋರ್ ನಂಬರಿಲ್ಲದ ವಿಳಾಸ, ಅಂಚೆಯವನು ಬೈಯುತ್ತಾನೆ, ಎಂದೆ.
ಅವಳು ಜೆಪ್ಪಿಗೆ ಹೋದಳು, ಕೊನೆಯ ಗುಮಾಸ್ತರ ಮನೆ ಹುಡುಕಿ.
ಅಟ್ಟದಿಂದ ಹಾಜರಿ ಪುಸ್ತಕ ಇಳಿಯಿತು,
ಅರ್ಧವನ್ನು ಗೆದ್ದಲು ಮೊದಲೇ ಓದಿ ಮುಗಿಸಿತ್ತು.
ಗಂಡಸರಿಗೆ ಹೆಸರು, ಅಪ್ಪನ ಹೆಸರು, ಊರು.
ಹೆಂಗಸರಿಗೆ ‘ಹೆಣ್ಣಾಳು’, ಎದುರಿಗೊಂದು ಗೀಟು.
ಗೀಟುಗಳನ್ನು ಎಣಿಸಿದಳು:
ಕಡಿಮೆಯೆಂದರೆ ಇನ್ನೂರ ಹನ್ನೆರಡು.
‘ಕಡಿಮೆಯೆಂದರೆ’ ಎಂಬುದನ್ನು ಅವಳೇ ಸೇರಿಸಿದ್ದು.

ಒಂದು ಗೀಟು ಪಕ್ಕದ ಮನೆಯ ದೇಜಕ್ಕನದು, ಎಂದಳು.
ಇರಬಹುದು ಎಂದು ಬರೆ.
‘ಇರಬಹುದು’ ಕೂಡ ಮರ್ಯಾದಸ್ಥ ಶಬ್ದವೇ.

ಬುಧವಾರ, ಕರೆಂಟು ಹೋದ ಹೊತ್ತಿನಲ್ಲಿ,
ಕೆಳಗಿನ ಕಪಾಟಿನಿಂದ
ನಮ್ಮದೇ ಕಾಲೇಜಿನ ಹಳೆಯ ಸ್ಮರಣ ಸಂಚಿಕೆ ಹಿಡಿದು ಬಂದಳು.
ಹನ್ನೊಂದಕ್ಕಿಂತ ಹಳೆಯದು ಸಿಕ್ಕಿತು ಮೇಡಂ.
ಪುಟ ನಲವತ್ತೆರಡು.
ಒಂಬೈನೂರು.
ದೀರ್ಘ ಕಳಕೊಂಡ ಆವಿಗೆ.
ಕೆಳಗೆ: ಅಪೊಲಿನ್ ಲೋಬೊ, ದ್ವಿತೀಯ ಬಿ.ಎ.

ನನಗಾಗ ಹತ್ತೊಂಬತ್ತು.
ಎಲ್ಲಿಂದ ತಂದೆ ಆ ಒಂಬೈನೂರನ್ನು?
ಅಪ್ಪ ಊಟಕ್ಕೆ ಕೂತಾಗ ಹೇಳಿದ್ದಾ,
ನಾನೂರು ಎಂದರೆ ಲೇಖನ ಸಪ್ಪೆಯಾದೀತೆಂದು
ನಾನೇ ಉಪ್ಪು ಹಾಕಿದ್ದಾ?
ನೆನಪಿಲ್ಲ. ದೇವರಾಣೆ ನೆನಪಿಲ್ಲ.
ಮೂವತ್ತೊಂದು ವರ್ಷ ಈ ಮೇಜಿನ ಹಿಂದೆ ಕೂತು
ಆಧಾರ ಎಲ್ಲಿ, ಆಧಾರ ಎಲ್ಲಿ ಎಂದು ಕೇಳಿದ ಬಾಯಿ
ಒಣಗಿತು.

ಮಿಸ್ರಿಯಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.
ಪೆನ್ನಿನ ಮುಚ್ಚಳ ತೆಗೆದಳು,
ನಾನು ಕಲಿಸಿದ್ದೇ ಸ್ವರದಲ್ಲಿ ಕೇಳಿದಳು:
ಯಾರು ಹೇಳಿದ್ದು ಮೇಡಂ?

ಅವಳ ಪ್ರಬಂಧ ಈಗ ಕಪಾಟಿನಲ್ಲುಂಟು, ನೀಲಿ ರಟ್ಟು.
ಅಡಿಟಿಪ್ಪಣಿ ಹದಿನಾಲ್ಕು, ಸಣ್ಣ ಅಕ್ಷರ:
“ಒಂಬೈನೂರು ಎಂಬ ಸಂಖ್ಯೆಗೆ ಆಧಾರವಿಲ್ಲ.
ಲೇಖಕಿ ಅ. ಲೋಬೊ ಇದನ್ನು ಒಪ್ಪಿದ್ದಾರೆ.
ಮುಖತಃ ಮಾತುಕತೆ, ಕಾಲೇಜು ಗ್ರಂಥಾಲಯ,
ಬುಧವಾರ, ಸಂಜೆ ನಾಲ್ಕೂ ಕಾಲು.”

ಉಲ್ಲೇಖ ಬರೆಯುವುದು ಹೇಗೆಂದು ಬೇರೆ ಮಕ್ಕಳು ಬಂದರೆ
ಆ ಪುಟ ತೆಗೆದು ಇಡುತ್ತೇನೆ.
ಗಂಟೆ ಸಹ ಬರೆದಿದ್ದಾಳೆ ನೋಡಿ, ಎನ್ನುತ್ತೇನೆ.
ಹೆಸರಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು,
ಕೆಲವು ದಿನ.
ಕೆಲವು ದಿನ ಇಡದೆ.