ಸೂಲಗಿತ್ತಿಯ ಸಹಿ

ಆ ರಾತ್ರಿ ಅರ್ಡೆಲಿಯಾಳ ಮನೆಯಲ್ಲಿದ್ದದ್ದು ಒಂದೇ ಗಡಿಯಾರ,
ಅದೂ ನನ್ನದು, ಏಪ್ರನ್ನಿಗೆ ಪಿನ್ನು ಚುಚ್ಚಿ ತೂಗುಬಿಟ್ಟದ್ದು.
ಕೂಸಿನ ತಲೆ ಕಂಡಾಗ ಹನ್ನೆರಡಕ್ಕೆ ಐದು ಕಮ್ಮಿ.
ಭುಜ ಸಿಕ್ಕಿಕೊಂಡಿತು.
ಬಿಡಿಸಿ, ತಿರುಗಿಸಿ, ಬೆನ್ನು ತಟ್ಟಿ
ಅದು ಅತ್ತಾಗ ಹನ್ನೆರಡು ದಾಟಿ ನಾಲ್ಕು ನಿಮಿಷ.
ಜೂನ್ ಎಂಟು, ನಲವತ್ತೊಂಬತ್ತನೇ ಇಸವಿ.

"ಏಳು ಅಂತ ಬರಿ, ಓಜೆಲಾ," ಅಂದಳು ಅರ್ಡೆಲಿಯಾ,
"ಏಳು ಒಳ್ಳೆಯ ಅಂಕಿ.
ಇವನಪ್ಪ ಇವನಿಗೆ ಬೇರೇನೂ ಬಿಟ್ಟುಹೋಗಿಲ್ಲ."
ನಾಲ್ಕು ನಿಮಿಷ ತಾನೆ.
ಹಾಲಿಗೆ ಚಿಟಿಕೆ ಸಕ್ಕರೆ ಹಾಕಿದ ಹಾಗೆ, ಬರೆದೆ.

ಹಣೆಬರಹ ಬರೆಯುವವನು ಮೇಲಿದ್ದಾನೆ ಅಂತಾರೆ.
ಥೇರನ್‌ನದು ಬರೆದದ್ದು ನಾನು,
ಅಡುಗೆಮನೆ ಮೇಜಿನ ಮೇಲೆ, ಸೀಮೆಎಣ್ಣೆ ದೀಪಕ್ಕೆ ಬಾಗಿ,
ಕೌಂಟಿಯವರು ಕೊಟ್ಟ ನೀಲಿ ಶಾಯಿಯಲ್ಲಿ.

ಆಗ ಅಲಬಾಮಾದಲ್ಲಿ ನನ್ನ ಬಣ್ಣದವರು
ಮತಪಟ್ಟಿಗೆ ಹೆಸರು ಸೇರಿಸಲು ಹೋದರೆ
ಗುಮಾಸ್ತ ಸಂವಿಧಾನದ ಕಲಮು ಕೇಳುತ್ತಿದ್ದ.
ಎರಡು ಸಲ ಕೇಳಿದ. ಎರಡು ಸಲ ಹೇಳಿದೆ.
ಎರಡು ಸಲವೂ "ಸಾಲದು" ಅಂದ.
ಅದೇ ಮೆಟ್ಟಿಲಿಳಿದು, ಹಿಂಬಾಗಿಲಿನಿಂದ ಆರೋಗ್ಯ ಕಚೇರಿಗೆ ಹೋಗಿ
ಆ ತಿಂಗಳ ಹನ್ನೊಂದು ಹುಟ್ಟು ಒಪ್ಪಿಸಿದೆ.
ಅಲ್ಲಿ ಯಾರೂ ಏನೂ ಕೇಳಲಿಲ್ಲ.
ನನ್ನ ಸಹಿ ಒಣಗುವಷ್ಟರಲ್ಲಿ
ಹನ್ನೊಂದು ಜನ ಅಮೆರಿಕದ ಪ್ರಜೆಗಳಾಗಿದ್ದರು.

ಅರವತ್ತೈದರಲ್ಲಿ ಕಾನೂನು ಬಂತು.
ವಾಷಿಂಗ್ಟನ್ ಕಳಿಸಿದ ಹುಡುಗನೊಬ್ಬ ಮೇಜು ಹಾಕಿಕೊಂಡು ಕೂತು
ಬೆವರೊರೆಸುತ್ತಾ ಹೆಸರು ಬರೆದುಕೊಂಡ.
ಸಾಲಿನಲ್ಲಿ ನನ್ನ ಹಿಂದೆ ನಿಂತವರೆಲ್ಲ
ಈ ಕೈಗೇ ಬಿದ್ದ ಕೂಸುಗಳು, ಈಗ ಮೀಸೆ ಹೊತ್ತವರು.
ಆ ದಿನ ಅಂದುಕೊಂಡೆ, ತಲೆ ಬಂತು,
ಇನ್ನು ಭುಜ ತಾನಾಗಿ ಬರುತ್ತೆ.

ಮೂವತ್ತು ವರ್ಷದ ಕಸುಬು, ಆದರೂ ಮರೆತೆ:
ಭುಜವೇ ಕಷ್ಟ.

ಅರವತ್ತೊಂಬತ್ತು, ಡಿಸೆಂಬರ್ ಒಂದು.
ಟೀವಿಯಲ್ಲಿ ಒಂದು ಗಾಜಿನ ಭರಣಿ,
ಉಪ್ಪಿನಕಾಯಿ ಹಾಕುವಂಥದ್ದು.
ಒಳಗೆ ನೀಲಿ ಗುಳಿಗೆಗಳು, ಗುಳಿಗೆಗೊಂದು ಹುಟ್ಟಿದ ದಿನ.
ಮೊದಲು ಕೈಗೆ ಬಂದ ದಿನದವರಿಗೆ ಮೊದಲು ಕರೆ,
ಕರೆ ಅಂದರೆ ವಿಯೆಟ್ನಾಮು.
ಜೂನ್ ಏಳು, ಮೊದಲ ನೂರರೊಳಗೇ ಬಂತು.

ಮರುದಿನ ಪೇಪರಿನಲ್ಲಿ ಪೂರಾ ಪಟ್ಟಿ.
ಅರ್ಡೆಲಿಯಾ ಬೆರಳಿಟ್ಟು ಇಳಿದಳು.
ಮಗನ ದಿನ ಸಿಕ್ಕಿದ ಮೇಲೂ ಇಳಿದಳು.
ಯಾಕೆ ಅಂತ ನನಗೆ ಗೊತ್ತು.
ಮುನ್ನೂರು ದಾಟಿತು, ಮುನ್ನೂರೈವತ್ತು,
ಪಟ್ಟಿಯ ತಳದಲ್ಲಿ, ಎಲ್ಲರೂ ಎದ್ದುಹೋದ ಮೇಲೆ ಉಳಿದ ಕುರ್ಚಿಯ ಹಾಗೆ:
ಜೂನ್ ಎಂಟು.

ಬೆರಳು ಅಲ್ಲೇ ನಿಂತಿತು. ಅವಳು ನನ್ನತ್ತ ನೋಡಲಿಲ್ಲ.
ಕಾಫಿ ಕೊಟ್ಟಳು, ಸಕ್ಕರೆ ಮರೆತಳು.
ನಾನು ಕೇಳಲಿಲ್ಲ.

ಥೇರನ್ ವಾಪಸು ಬಂದ. ಅಷ್ಟು ಬಂತಲ್ಲ.
ಎಡಗಿವಿ ಅಲ್ಲೇ ಎಲ್ಲೋ ಗದ್ದೆಯಲ್ಲಿ ಉಳಿಯಿತು,
ರಾತ್ರಿ ನಿದ್ದೆಯೂ.

ಆಮೇಲೆ ಸರ್ಕಾರಕ್ಕೆ ಸೂಲಗಿತ್ತಿಯರು ಬೇಡವಾದರು.
ಪರವಾನಗಿ ರದ್ದು, ಸೇವೆಗೆ ವಂದನೆ, ಕೆಳಗೆ ರಬ್ಬರ್ ಮುದ್ರೆ.
ಅದೇ ಚಳಿಗಾಲ ಅಪರಾತ್ರಿ ಥೇರನ್ ಬಾಗಿಲು ಬಡಿದ:
ಹೆಂಡತಿಗೆ ನೋವು, ಆಸ್ಪತ್ರೆ ನಲವತ್ತು ಮೈಲಿ, ಕಾರು ಸ್ಟಾರ್ಟಾಗುತ್ತಿಲ್ಲ.
ಹೋದೆ. ಕಾನೂನು ಬೇಕಾದರೆ ಹಿಂದೆ ಬರಲಿ.

ಹೆಣ್ಣು ಕೂಸು. ಆಗಲೇ ಕಿಟಕಿ ಬೆಳ್ಳಗಾಗಿತ್ತು,
ಯಾವ ತಾರೀಖಿಗೂ ಅಂಚಲ್ಲದ ಹೊತ್ತು.
"ಟೈಮೆಷ್ಟು, ಓಜೆಲಮ್ಮಾ?" ಅಂದ.
ಗಡಿಯಾರ ನನ್ನೆದೆ ಮೇಲೇ ತೂಗುತ್ತಿತ್ತು.
ಅವನ ಕೇಳುವ ಕಿವಿಯತ್ತ ಬಾಗಿ ಹೇಳಿದೆ,
"ನಿನ್ನದರಲ್ಲಿ ನೋಡಿಕೋ. ನೀನೇ ಬರಿ.
ಇದ್ದಷ್ಟೇ ಬರಿ."

ಅರ್ಡೆಲಿಯಾ ಮೂಲೆಯಲ್ಲಿ ಕೂತು
ಮೊಮ್ಮಗಳ ಬೆರಳು ಎಣಿಸುತ್ತಿದ್ದಳು.
ಏಳರ ಹತ್ತಿರ ನಿಂತಳು,
ಮತ್ತೆ ಒಂದರಿಂದ ಶುರುಮಾಡಿದಳು.