ಅಳತಿ ಪುಸ್ತಕ

ಬ್ಲೌಸಿನ ಅಳತಿ ಬರಕೊಳ್ಳೋ ಪುಸ್ತಕದಾಗ
ಕಡೀ ನಾಕು ಹಾಳಿ ಹೊಂಡಕ್ಕ ಬಿಟ್ಟೀನಿ.
ಮ್ಯಾಲಿನ ಹೊಂಡ. ಕೆಳಗಿನ ಹೊಂಡ.
ಲೇಔಟಿನ ನಕಾಶಿಯೊಳಗ ಅವು
ನೀಲಿ ಬಣ್ಣದ ಎರಡು ತತ್ತಿ,
ಮಳಿನೀರು ನಿಲ್ಲೋ ಜಾಗ ಅಂತ ಸಣ್ಣ ಅಕ್ಷರದಾಗ.

ಧಾರವಾಡದ ಮಸಾರಿ ಮುಗದು
ಹುಬ್ಬಳ್ಳಿ ಎರಿ ಸುರು ಆಗೋದು ನಮ್ಮ ಓಣ್ಯಾಗ.
ಎಲ್ಲಿ ಅಂತ ಯಾರೂ ಗೆರಿ ಕೊರದಿಲ್ಲ.
ಮಿಷನ್ನು ಕಿಡಕಿ ಮುಂದ. ದಾರ ಪೋಣಸಿ ತಲಿ ಎತ್ತಿದರ
ಎರಡೂ ಕಾಣತಾವು, ಒಂದು ತುಂಬೇತಿ, ಒಂದು ಇಲ್ಲ.
ನಡುವ ಇನ್ನೂರು ಹೆಜ್ಜಿ. ಮುಗಿಲು ಒಂದ. ಮಳಿ ಒಂದ.

ಬಿದಿರಿನ ಕೋಲಿಗೆ ಹಳೇ ಇಂಚುಪಟ್ಟಿ ಸುತ್ತಿ
ಮುಂಜಾನೆ ಹಾಲು ತರಾಕ ಹೋದಾಗ ಇಳಿಸಿ ನೋಡತೀನಿ.
ಮಿರಗ: ಕೆಳಗ ಹನ್ನೊಂದು ಇಂಚು, ಮ್ಯಾಲ ಒಂಬತ್ತು.
ಆರಿದ್ರಿ: ಕೆಳಗ ಇಪ್ಪತ್ತು, ಮ್ಯಾಲ ಆರು.
ಪುಷ್ಯದಾಗ ಮೂರು ದಿನ ಬಿಡದ ಹೊಡೀತು,
ಕೆಳಗ ಮೂವತ್ನಾಕು, ತುಂಬು ಹೆಂಗಸಿನ ಸೊಂಟ.
ಮ್ಯಾಲ ಹದಿನೆಂಟು, ಮರುದಿನ ಹದಿಮೂರು,
ಪಂಚಮಿ ಉಂಡಿ ಕಟ್ಟೋದರಾಗ ಬರೇ ರಾಡಿ,
ರಾಡಿಯೊಳಗ ಯಾರದೋ ಹುಡುಗನ ಚಪ್ಪಲಿ, ಎಡಗಾಲಿಂದು.

ನನಗಿದು ಹೊಸಾದಲ್ಲ.
ದೀವಳಿಗಿಗೆ ಕೊಟ್ಟ ಅಳತಿ ಯುಗಾದಿಗೆ ಬಿಗಿ ಆದರ
ತಪ್ಪು ಟೇಲರ್‌ದು ಅಂತಾರ.

ಐತವಾರ ಪಾರ್ಕಿನ್ಯಾಗ ಮೀಟಿಂಗ್.
ನಮ್ಮ ನೀರು ಕೆಳಗಿನವರು ಪೈಪಿನ್ಯಾಗ ಜಗ್ಗತಾರ, ಅಂದರು ಮ್ಯಾಲಿನವರು.
ನಿಮ್ಮ ಗಟಾರೆಲ್ಲ ನಮಗ ಬಂದು ಸೊಳ್ಳಿ ಮರಿ ಹಾಕ್ಯಾವು, ಅಂದರು ಕೆಳಗಿನವರು.
ದಾನಪ್ಪ ಹೆಬಸೂರ ಎದ್ದು ನಿಂತು
ನಡುವಿನ ವಾಲ್ವ್ ತಿರುವಾವ ಯಾರು? ಅಂದ.
ಎಲ್ಲಾರೂ ದಸ್ತಗೀರ ನದಾಫನ ಕಡೆ ನೋಡಿದರು.
ಅಂವ ಟಿಫಿನ್ ಡಬ್ಬಿ ಒಂದು ಕೈಯಿಂದ ಇನ್ನೊಂದು ಕೈಗೆ ತಗೊಂಡ.
'ಅದು ಕೂಡಿಸಿದಾಗಿಂದ ತಿರುಗಿಲ್ಲರೀ, ಸಾಹೇಬರ.
ತುಕ್ಕು ಹಿಡದು ಕಲ್ಲಾಗೇತಿ.'

ಕುಸುಮಾಬಾಯಿ ಬರದಿಟ್ಟಾಳಂತ, ಪುಸ್ತಕ ತರಸ್ರಿ.
ತಂದು ಕೊಟ್ಟೆ. ಕೈಯಿಂದ ಕೈಗೆ ಹೋತು.
ಹೊಂಡದ ಹಾಳಿ ಹುಡುಕತ ಹುಡುಕತ
ತಮ್ಮ ಮನಿಯವರ ಹೆಸರು, ಎದಿ, ತೋಳು, ಕೊಳ್ಳು ಕಂಡು
ಗಂಡಸರ ಬೆರಳು ಒಮ್ಮೆ ನಿಂತು, ಆಮ್ಯಾಲ ಲಗೂ ಲಗೂ ಓಡಿದವು.
ದಾನಪ್ಪ ಮುಚ್ಚಿ ಕೊಟ್ಟ:
'ಇದು ದಾಖಲಿ ಆಗೂದಿಲ್ಲ.'

ಸಂಜಿಮುಂದ ನದಾಫ ಬಂದ, ಎರಡು ಮುಟಗಿ ಮಣ್ಣು ತಂದಿದ್ದ.
ತಳಕ್ಕ ತೂತು ಬಿದ್ದ ಎರಡು ಚಾದ ಕಪ್ಪು ಕೇಳಿದ.
ಒಂದರಾಗ ಎರಿ, ಒಂದರಾಗ ಮಸಾರಿ, ಮ್ಯಾಲ ಒಂದೊಂದು ಲೋಟ ನೀರು.
ಎರಿ ಉಬ್ಬಿ, ಬಾಯಿ ಕಟಗೊಂಡು, ನೀರು ತಲಿ ಮ್ಯಾಲ ಹೊತಗೊಂಡು ಕುಂತಿತು.
ಮಸಾರಿ ಗುಟಕ್ ಅಂತ ಕುಡದು
ಕೆಳಗಿನ ಬಸಿಯೊಳಗ ಹನಿ ಹನಿ ಬಿಟ್ಟಿತು.
'ಕಳ್ಳ ಸಿಕ್ಕನ್ರಿ, ಅಕ್ಕಾರ,' ಅಂದು
ಕೈ ತೊಳಕೊಂಡು ಸೈಕಲ್ ಹತ್ತಿದ.

ಮರುದಿನದಿಂದ ಮೂರನೇ ಗೆರಿ ಹಾಕೀನಿ: ಬಾವಿ.
ಹಿಟ್ಟಿನ ಗಿರಣಿ ಹಿಂದಿಂದು, ಪಾಚಿ ಕಟ್ಟಿದ್ದು,
ಹೋದ ದೀವಳಿಗಿಗೆ ಹಗ್ಗ ಹದಿನಾಲ್ಕು ಮೊಳ ಬೇಕಾಗತಿತ್ತು.
ಈಗ ಒಂಬತ್ತಕ್ಕ ಕೊಡ ಮುಳಗತೈತಿ.
ಮೀಟಿಂಗಿನ್ಯಾಗ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಇನ್ನೊಂದು ಅಳತಿ ಐತಿ, ಅದು ನಂದು.
ಎರಿ ಮ್ಯಾಲ ಕಟ್ಟಿದ ಮನಿ ನಮ್ಮದು.
ಕೆಳಗಿನ ಹೊಂಡ ತುಂಬಿದಾಗ ಅಡಗಿಮನಿ ಬಾಗಲಾ ಮುಚ್ಚೂದಿಲ್ಲ,
ಹೊಂಡ ಇಳದಂಗ ಮಲಗೋ ಖೋಲಿ ಗೋಡಿ ಬಿರಿತೈತಿ.
ಸಂಕ್ರಾಂತಿಗೆ ಕೂದಲೆಳಿ. ಹೋಳಿಗೆ ಸೂಜಿ ಹಿಡಿಸತೈತಿ.
ಯುಗಾದಿಗೆ ಕತ್ತರಿ ತುದಿ.
ಮಿರಗ ಬಂದರ ದಾರಿಲ್ಲದ ತಾನ ಹೊಲಕೊಂಡು
ಸುಣ್ಣದಾಗ ಬರೇ ಕಲಿ ಉಳೀತೈತಿ.

ಈ ವರ್ಷ ರೋಹಿಣಿ ಮುಗದರೂ ಹನಿ ಇಲ್ಲ.
ಎರಡೂ ಹೊಂಡ ಸೊನ್ನಿ. ಬರದೀನಿ.
ರಾತ್ರಿ ಬಿರುಕಿಗೆ ಹತ್ತು ರೂಪಾಯಿ ನಾಣ್ಯ ಹಿಡದು ನೋಡಿದೆ, ಹಿಡೀತು,
ಕೈ ಬಿಟ್ಟು ಒಳಗ ಹೋತು.
ಕಿವಿ ಹಚ್ಚಿ ಬಾಳೊತ್ತು ನಿಂತೆ.
ಎಲ್ಲೂ ಬಿದ್ದ ಸಪ್ಪಳ ಬರಲಿಲ್ಲ.

ದೀಪ ಹಚ್ಚಿ ಪುಸ್ತಕ ತಗದು ಬರಕೊಂಡೆ:
ಗೋಡಿ, ಹತ್ತು ರೂಪಾಯಿ, ಬಾಕಿ.