ಕಾಣುವ ದೂರ

ಬೇಕರಿಯ ಮೇಲಿನ ಬಾಡಿಗೆ ಕೋಣೆಯಲ್ಲಿ
ಗಂಟೆಗೆ ಇಷ್ಟು ಅಂತ ನನಗೆ ಸಂಬಳ, ಮೀನು ಎಣಿಸಲು.
ಕೆಳಗೆ ಬನ್ನು ಬೇಯುವ ವಾಸನೆ,
ಕಿಟಕಿಯಾಚೆ ಮಡಿಕೇರಿಯ ಮಂಜು,
ಮೇಜಿನ ಮೇಲೆ ಚೋಂದಮ್ಮ ಮೇಡಂ ತಂದ ಕಡಲು:
ನಾಲ್ಕು ಹಾರ್ಡ್ ಡಿಸ್ಕು. ಒಂದರ ಮೂಲೆಗೆ ಉಪ್ಪು ಹಿಡಿದಿದೆ.

ನಾನು ಕಡಲು ಕಂಡವಳಲ್ಲ.
ಪಿಯುಸಿಯಲ್ಲಿ ಮಂಗಳೂರಿಗೆ ಪ್ರವಾಸ ಹೊರಟಾಗ
ಸಂಪಾಜೆ ಘಾಟಿಯಲ್ಲೇ ವಾಂತಿ ಮಾಡಿಕೊಂಡು ಹಿಂದೆ ಬಂದವಳು.
ಹವಳ ಗೊತ್ತು. ಅಜ್ಜಿಯ ಕೊರಳಲ್ಲಿತ್ತು,
ಹಣ್ಣಾದ ಕರಿಮೆಣಸಿನಷ್ಟು ದಪ್ಪ, ಅಷ್ಟೇ ಕೆಂಪು.
"ಇದ್ಯಾಕೆ ಮೇಡಂ ಬಿಳಿ?" ಅಂದೆ ಮೊದಲ ದಿನ.
ಅವರು ಚಹಾದ ಲೋಟ ಕೆಳಗಿಟ್ಟರು.
"ನೀರು ಕಾದಿತ್ತು" ಅಂದರು,
ಪಕ್ಕದ ಕೋಣೆಯಲ್ಲಿ ಜ್ವರದ ಮಗು ಮಲಗಿದ್ದರೆ
ಮಾತಾಡುತ್ತೇವಲ್ಲ, ಆ ದನಿಯಲ್ಲಿ.

ಕೆಲಸ ಹೀಗೆ: ದ್ವೀಪದ ಬಳಿ, ನೀರಿನಡಿ
ಐವತ್ತು ಮೀಟರಿನ ಟೇಪು ಹಾಸಿದ್ದಾರೆ.
ಟೇಪಿನ ಆಚೆ ಎರಡೂವರೆ, ಈಚೆ ಎರಡೂವರೆ.
ಅದರೊಳಗೆ ಬಂದ ಮೀನು ಲೆಕ್ಕಕ್ಕೆ,
ಹೊರಗೆ ಹೋದದ್ದು ಹೋಯಿತು.
ಅಂಚಿನಲ್ಲಿ ನಿಂತು ಯೋಚಿಸುವ ಮೀನಿಗೆ
ಕಾಲಂ ಇಲ್ಲ.

ಗಿಳಿಮೀನು ಬಂಡೆ ಕಚ್ಚುವುದು ಕೇಳಿಸುತ್ತದೆ,
ಬಸ್ಸಿನಲ್ಲಿ ಯಾರೋ ಹುರಿಗಡಲೆ ತಿನ್ನುವ ಹಾಗೆ.
ತಿಂದ ಕಲ್ಲು ಹಿಂದಿನಿಂದ ಮರಳಾಗಿ ಉದುರುತ್ತದೆ.
"ಆ ದ್ವೀಪದ ಮಕ್ಕಳು ಆಡುವುದು ಅದರ ಮೇಲೇ" ಎಂದು ಮೇಡಂ ನಕ್ಕರು.
ಇನ್ನೊಂದಿದೆ, ಬೆರಳುದ್ದ, ಕಂದು ಬಣ್ಣ.
ಅಂಗೈಯಗಲ ಪಾಚಿ ಬೆಳೆಸಿಕೊಂಡು ಅದಕ್ಕೆ ಕಾವಲು;
ಬೇಡದ ಎಳೆ ಕಿತ್ತು ಗಡಿಯಾಚೆ ಉಗುಳುತ್ತದೆ,
ತನ್ನ ಹತ್ತರಷ್ಟು ದೊಡ್ಡದನ್ನೂ ಅಟ್ಟಿಸಿಕೊಂಡು ಹೋಗುತ್ತದೆ.
ಅದಕ್ಕೆ ನಾನು ಸಾಹುಕಾರ ಅಂತ ಬರೆದೆ.
ಮೇಡಂ ಮನೆಯವರದೂ ತೋಟವೇ.
ಶೀಟು ನೋಡಿದರು, ಅಳಿಸಲಿಲ್ಲ,
ಪಕ್ಕದಲ್ಲಿ ಪೆನ್ಸಿಲಿನಿಂದ ಲ್ಯಾಟಿನ್ ಹೆಸರು ಹಾಕಿದರು.

ಹದಿನೇಳನೇ ಟೇಪು. ಸತ್ತ ಹವಳ.
ಕೊಂಬೆಗಳಿನ್ನೂ ನಿಂತಿವೆ, ಮೇಲೆ ಬೂದಿಯಂಥ ಪಾಚಿ.
ನಡುವೆ ಸಣ್ಣ ನೀಲಿ ಮೀನು, ನಲವತ್ತೊಂದು.
ನೆರಳು ಬಿದ್ದರೆ ಅದೇ ಕೊಂಬೆಯೊಳಗೆ ನುಗ್ಗುತ್ತವೆ,
ನೆರಳು ಸರಿದರೆ ಅಲ್ಲೇ ಹೊರಗೆ.
ಎಂಟು ಮಾರು ಆಚೆಗೆ ಬದುಕಿರುವ ಹವಳವಿದೆ.
"ಅಲ್ಲಿಗೆ ಯಾಕೆ ಹೋಗಲ್ಲ?"
"ಆರು ವರ್ಷದಿಂದ ನಾನೂ ಅದನ್ನೇ ಕೇಳ್ತಿದ್ದೀನಿ.
ಕೊಂಬೆ ಮುರಿದು ಪುಡಿಯಾಗುವ ತನಕ ಇರ್ತವೆ.
ಆಮೇಲೆ ಒಂದು ಮಳೆಗಾಲ ಕಳೆದು ಹೋದರೆ ಇರಲ್ಲ.
ಎಲ್ಲಿಗೆ ಅಂತ ನಾನು ನೋಡಿಲ್ಲ."

ಜೋಯಪ್ಪ ಮಾವನ ವಿಷಯ ನಾಲಿಗೆಯ ತುದಿಗೆ ಬಂದಿತ್ತು.
ಗುಡ್ಡ ಜಾರಿದ ಆಗಸ್ಟಿನ ಮೇಲೆ ಸರ್ಕಾರ ಕೊಟ್ಟ ಮನೆ,
ಸಾಲಿನಲ್ಲಿ ಅರವತ್ತೆರಡನೆಯದು. ಟೈಲ್ಸು, ನಲ್ಲಿ, ಎಲ್ಲ ಇದೆ.
ಮಾವ ಬೆಳಗಿನ ಬಸ್ಸಿಗೆ ಮಕ್ಕಂದೂರಿಗೆ ಹೋಗಿ
ಕೊಟ್ಟಿಗೆ ಇದ್ದ ಕಡೆ, ಕೆಸರು ಒಣಗಿದ ದಿಣ್ಣೆಯ ಮೇಲೆ ಕೂತು
ಮೂರು ಗಂಟೆಯ ಬಸ್ಸಿಗೆ ವಾಪಸು.
ಏನು ಮಾಡಿದಿರಿ ಅಂದರೆ
"ಹುಲ್ಲು ಬಂದಿದೆ" ಅನ್ನುತ್ತಾರೆ.
ಹೇಳಲಿಲ್ಲ. ನನಗೆ ಸಂಬಳ ಮೀನಿಗೆ, ಮಾವನಿಗಲ್ಲ.
ಅಲ್ಲದೆ ಮೇಡಂ ಅದನ್ನೂ ಎಲ್ಲಾದರೂ ಬರೆದುಕೊಂಡರೆ?

ಶೀಟಿನ ಕೊನೆಗೊಂದು ಕಾಲಂ: ಕಾಣುವ ದೂರ, ಮೀಟರಿನಲ್ಲಿ.
ಹದಿನೇಳಕ್ಕೆ ಹದಿನೆಂಟು ಎಂದು ತುಂಬಿದೆ. ತಿಳಿನೀರು.
ಇಲ್ಲಿ, ಕಿಟಕಿಯಿಂದ, ನಾಲ್ಕು. ಹೆಚ್ಚೆಂದರೆ ಐದು.
ಬಸ್ ಸ್ಟ್ಯಾಂಡು ಇರಬೇಕಾದ ಕಡೆ ಒಂದು ಹಳದಿ ದೀಪ.
ಕೊಡೆಯೊಂದು ಎಡದಿಂದ ಬಂತು, ಬಲಕ್ಕೆ ಹೋಯಿತು: ಒಂದು.
ಸೊಪ್ಪಿನ ಕಟ್ಟು ಹೊತ್ತ ಹೆಂಗಸು: ಎರಡು.
ಇನ್ನೊಂದು ಕೊಡೆ, ಕಪ್ಪು, ಒಂದು ಕಡ್ಡಿ ಮುರಿದದ್ದು,
ಮಂಜಿನ ಅಂಚಿಗೆ ಬಂದು ನಿಂತಿತು.

ಮೂರೂ ಕಾಲು.
ವಿಡಿಯೋ ನಿಲ್ಲಿಸಿದೆ.